ತೊಳೆದುಹೋಗುವ ಲೇಪ, ಇಪ್ಪತ್ತು ವರ್ಷದ ಹಕ್ಕು

ಚಿಪ್ ತಯಾರಿಕೆಯಲ್ಲಿ ಬಳಸುವ ಎಲ್ಲ ವಸ್ತುಗಳೂ ಚಿಪ್‌ನಲ್ಲಿ ಉಳಿಯುವುದಿಲ್ಲ. ರೆಸಿಸ್ಟ್ ಎಂಬ ತೆಳುಪದರದ ಮೇಲೆ ಹಚ್ಚುವ ವಿದ್ಯುದ್ವಾಹಕ ಪಾಲಿಮರ್ ಲೇಪ ಅಂಥದ್ದೊಂದು. ಅದರ ದಪ್ಪ ಕೆಲವು ಹತ್ತು ನ್ಯಾನೊಮೀಟರ್ ಮಾತ್ರ. ಎಲೆಕ್ಟ್ರಾನ್ ಕಿರಣ ತನ್ನ ಬರವಣಿಗೆ ಮುಗಿಸುವವರೆಗಷ್ಟೇ ಅದಕ್ಕೆ ಕೆಲಸ. ಆಮೇಲೆ ನೀರು ಹಾಯಿಸಿದರೆ ಕುರುಹಿಲ್ಲದಂತೆ ಹೋಗಿಬಿಡಬೇಕು. ಇಷ್ಟು ಅಲ್ಪಾಯುಷಿಯಾದ ಲೇಪಕ್ಕೆ ಪೇಟೆಂಟ್ ಸಿಕ್ಕರೆ ಆ ಹಕ್ಕು ಮಾತ್ರ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ ಬಾಳುತ್ತದೆ. ಅಷ್ಟು ಕಾಲ ಉಳಿದವರು ಅದನ್ನು ಅನುಮತಿಯಿಲ್ಲದೆ ತಯಾರಿಸುವಂತಿಲ್ಲ, ಮಾರುವಂತಿಲ್ಲ.

ಈ ಹಕ್ಕು ಯಾರಿಗೆ ಸಲ್ಲಬೇಕು, ಎಷ್ಟು ಅಗಲವಾಗಿ ಸಲ್ಲಬೇಕು ಎಂದು ಮೊದಲು ತೂಗಿ ನೋಡುವವರು ಪೇಟೆಂಟ್ ಕಚೇರಿಯ ಪರೀಕ್ಷಕರು. ಔಷಧಗಳ ಪೇಟೆಂಟ್ ಬಗ್ಗೆ ನಮ್ಮಲ್ಲಿ ಸಾಕಷ್ಟು ಚರ್ಚೆಯಾಗಿದೆ. ಇಂಥ ಲೇಪಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಆದರೆ ಪೇಟೆಂಟ್ ಪರೀಕ್ಷೆ ಎಂದರೇನು, ಅದರ ಕಷ್ಟ ಎಲ್ಲಿದೆ ಎನ್ನುವುದನ್ನು ಹತ್ತಿರದಿಂದ ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಇಲ್ಲಿ ದೊಡ್ಡ ಜಿಗಿತಗಳು ಅಪರೂಪ. ಎಲ್ಲವೂ ಸಣ್ಣ ಹೆಜ್ಜೆಗಳೇ. ಸಣ್ಣ ಹೆಜ್ಜೆಯನ್ನು ತೂಗುವುದೇ ಪರೀಕ್ಷಕರ ನಿಜವಾದ ವಿದ್ಯೆ.

ಮೊದಲು ಈ ಲೇಪ ಯಾಕೆ ಬೇಕಾಯಿತು ಎಂದು ತಿಳಿಯಬೇಕು. ಚಿಪ್‌ನ ಸರ್ಕಿಟ್ ಚಿತ್ರವನ್ನು ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ಮುದ್ರಿಸುತ್ತಾರೆ. ಆ ಚಿತ್ರ ಮೂಲದಲ್ಲಿರುವುದು ಮಾಸ್ಕ್ ಎಂಬ ಫಲಕದಲ್ಲಿ. ಸಾಮಾನ್ಯವಾಗಿ ಅದು ಆರು ಇಂಚು ಚೌಕದ, ಸುಮಾರು ಆರು ಮಿಲಿಮೀಟರ್ ದಪ್ಪದ ಕ್ವಾರ್ಟ್ಜ್ ಗಾಜು. ಈ ಮಾಸ್ಕ್ ಮೇಲೆ ಚಿತ್ರ ಬರೆಯುವುದು ಎಲೆಕ್ಟ್ರಾನ್ ಕಿರಣ. ಫಲಕದ ಮೇಲೆ ರೆಸಿಸ್ಟ್ ಹಚ್ಚಿರುತ್ತಾರೆ. ಕಿರಣ ತಾಗಿದ ಕಡೆ ರೆಸಿಸ್ಟ್‌ನ ರಸಾಯನ ಬದಲಾಗುತ್ತದೆ. ಡೆವಲಪರ್ ದ್ರಾವಣದಲ್ಲಿ ಅದ್ದಿದಾಗ ಬದಲಾದ ಭಾಗ ಕರಗಿಹೋಗಿ ಚಿತ್ರ ಮೂಡುತ್ತದೆ. ಕೆಲವು ರೆಸಿಸ್ಟ್‌ಗಳಲ್ಲಿ ಇದು ತಿರುವುಮುರುವು.

ತೊಂದರೆ ಏನೆಂದರೆ ರೆಸಿಸ್ಟ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬಂದ ಎಲೆಕ್ಟ್ರಾನ್‌ಗಳಲ್ಲಿ ಒಂದಷ್ಟು ಅಲ್ಲೇ ಸಿಕ್ಕಿಹಾಕಿಕೊಂಡು ಋಣ ಆವೇಶವಾಗಿ ಕೂರುತ್ತವೆ. ಹಿಂದೆ ಬರುವ ಎಲೆಕ್ಟ್ರಾನ್‌ಗಳಿಗೂ ಋಣ ಆವೇಶವೇ ಇರುವುದರಿಂದ ಅವು ತಳ್ಳಲ್ಪಟ್ಟು ಪಕ್ಕಕ್ಕೆ ಸರಿಯುತ್ತವೆ. ಗೆರೆ ಬೀಳಬೇಕಾದ ಜಾಗದಲ್ಲಿ ಬೀಳದೆ ಕೆಲವು ನ್ಯಾನೊಮೀಟರ್ ಆಚೆ ಬೀಳುತ್ತದೆ. ಮಾಸ್ಕ್ ಒಂದರಿಂದ ಸಾವಿರಾರು ಬಿಲ್ಲೆಗಳನ್ನು ಮುದ್ರಿಸುವುದರಿಂದ ಮಾಸ್ಕ್‌ನಲ್ಲಿ ಆದ ತಪ್ಪು ಪ್ರತಿ ಬಿಲ್ಲೆಯಲ್ಲೂ ಮರುಕಳಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದಂಥ ಸಂಶೋಧನಾ ಕೇಂದ್ರಗಳಲ್ಲಿ ಮಾಸ್ಕ್‌ನ ಗೊಡವೆಯಿಲ್ಲದೆ ನೇರವಾಗಿ ಮಾದರಿಯ ಮೇಲೆಯೇ ಎಲೆಕ್ಟ್ರಾನ್ ಕಿರಣದಿಂದ ಬರೆಯುತ್ತಾರೆ. ಮಾದರಿ ಸಿಲಿಕಾನ್ ಆಗಿದ್ದರೆ ಆವೇಶಕ್ಕೆ ಇಳಿದುಹೋಗಲು ಕೆಳಗೆ ದಾರಿಯಿರುತ್ತದೆ. ಗಾಜು, ನೀಲಮಣಿ, ಕ್ವಾರ್ಟ್ಜ್ ಆಗಿದ್ದರೆ ಆ ದಾರಿಯೂ ಮುಚ್ಚಿಹೋಗುತ್ತದೆ.

ಹಳೆಯ ಉಪಾಯ ಲೋಹದ್ದು. ರೆಸಿಸ್ಟ್ ಮೇಲೆ ಅತಿ ತೆಳುವಾಗಿ ಕ್ರೋಮಿಯಂ, ಅಲ್ಯೂಮಿನಿಯಂ ಇಲ್ಲವೇ ಚಿನ್ನದ ಪದರ ಕೂರಿಸಿ, ಬರೆದಾದ ಮೇಲೆ ಆಮ್ಲದಲ್ಲೋ ಬೇರೆ ದ್ರಾವಣದಲ್ಲೋ ಅದನ್ನು ತೆಗೆಯುವುದು. ಇದು ಕೆಲಸ ಮಾಡುತ್ತದೆ, ಆದರೆ ಲೋಹವನ್ನು ಆವಿಯಾಗಿಸಿ ಕೂರಿಸುವಾಗ ಹೊರಡುವ ಶಾಖ ಮತ್ತು ಎಕ್ಸ್ ಕಿರಣ ಕೆಲವೊಮ್ಮೆ ರೆಸಿಸ್ಟನ್ನೇ ಕೆಡಿಸುತ್ತವೆ. ಪಾಲಿಮರ್ ಲೇಪಕ್ಕೆ ಈ ರಗಳೆಗಳಿಲ್ಲ. ಗಿರಗಿರನೆ ತಿರುಗುವ ಬಿಲ್ಲೆಯ ಮೇಲೆ ನಾಲ್ಕು ಹನಿ ಹಾಕಿದರೆ ಸಮನಾಗಿ ಹರಡುತ್ತದೆ, ಹಗುರವಾಗಿ ಬಿಸಿ ಮಾಡಿದರೆ ಒಣಗುತ್ತದೆ. ಅದು ತಾಮ್ರದಷ್ಟು ವಿದ್ಯುತ್ ಹರಿಸಬೇಕಿಲ್ಲ. ಲೆಕ್ಕ ಸುಲಭ: ಕಿರಣದ ವಿದ್ಯುತ್ ಒಂದು ನ್ಯಾನೊ ಆಂಪಿಯರ್ ಎಂದುಕೊಳ್ಳಿ, ಲೇಪದ ರೋಧ ಒಂದು ಕೋಟಿ ಓಮ್ ಎಂದುಕೊಳ್ಳಿ. ಎರಡನ್ನೂ ಗುಣಿಸಿದರೆ ಬರುವುದು ಒಂದು ವೋಲ್ಟ್‌ನ ನೂರನೇ ಒಂದು ಭಾಗ. 50,000 ವೋಲ್ಟ್‌ನಿಂದ ವೇಗ ಪಡೆದು ಬರುವ ಎಲೆಕ್ಟ್ರಾನ್‌ಗೆ ಅದು ಲೆಕ್ಕಕ್ಕೇ ಇಲ್ಲ. ವಿದ್ಯುತ್ ತಂತಿಯಾಗಲು ಯಾವ ರೀತಿಯಲ್ಲೂ ಲಾಯಕ್ಕಲ್ಲದ ವಸ್ತು ಇಲ್ಲಿ ಧಾರಾಳವಾಗಿ ಸಾಕು.

ವಿದ್ಯುತ್ ಹರಿಸುವ ಪ್ಲಾಸ್ಟಿಕ್‌ನ ಕಥೆ ಹಲವರಿಗೆ ಗೊತ್ತಿರುವುದೇ. 1977ರಲ್ಲಿ ಹಿಡೆಕಿ ಶಿರಕಾವಾ, ಅಲನ್ ಮ್ಯಾಕ್‌ಡಿಯಾರ್ಮಿಡ್ ಮತ್ತು ಅಲನ್ ಹೀಗರ್ ಪಾಲಿಅಸಿಟಿಲೀನ್‌ಗೆ ಅಯೋಡಿನ್ ಉಣಿಸಿ ಅದರ ವಾಹಕತೆಯನ್ನು ಕೋಟಿ ಪಟ್ಟು ಹೆಚ್ಚಿಸಿದರು. 2000ದಲ್ಲಿ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೆ ಆ ಪಾಲಿಮರ್ ಯಾವುದರಲ್ಲೂ ಕರಗುತ್ತಿರಲಿಲ್ಲ, ಗಾಳಿಗೆ ಕೆಡುತ್ತಿತ್ತು. ನಮ್ಮ ಕಥೆಗೆ ಹೆಚ್ಚು ಮುಖ್ಯವಾದದ್ದು 1987ರ ಒಂದು ಪ್ರಬಂಧ. ಎ.ಒ. ಪಾಟೀಲ್, ವೈ. ಇಕೆನೌಎ, ಫ್ರೆಡ್ ವುಡ್ಲ್ ಮತ್ತು ಹೀಗರ್ ಅವರು ಪಾಲಿಥಿಯೋಫೀನ್ ಸರಪಳಿಗೆ ಸಲ್ಫೊನೇಟ್ ಗುಂಪುಗಳನ್ನು ತೂಗುಹಾಕಿ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿದರು. ಅಯೋಡಿನ್ ಉಣಿಸಿದಂತೆ ಹೊರಗಿನಿಂದ ಡೋಪಿಂಗ್ ಮಾಡಬೇಕಿರಲಿಲ್ಲ, ತನ್ನಲ್ಲೇ ಇರುವ ಗುಂಪಿನಿಂದ ತಾನೇ ಡೋಪ್ ಆಗುವ ಪಾಲಿಮರ್ ಅದು. 1990ರಲ್ಲಿ ಅಮೆರಿಕದ ಓಹಾಯೊದಲ್ಲಿ ಯೂ ಮತ್ತು ಎಪ್‌ಸ್ಟೀನ್ ಇದೇ ಬಗೆಯ ಸಲ್ಫೊನೇಟೆಡ್ ಪಾಲಿಅನಿಲೀನ್ ಮಾಡಿದರು. ಈ ನಡುವೆ ಐಬಿಎಂನ ಮೇರಿ ಆಂಜೆಲೊಪೌಲಸ್ ಮತ್ತು ಸಂಗಡಿಗರು ಪಾಲಿಅನಿಲೀನನ್ನು ಎಲೆಕ್ಟ್ರಾನ್ ಕಿರಣದ ಆವೇಶ ಇಳಿಸುವ ಪದರವಾಗಿ ಬಳಸಬಹುದೆಂದು ತೋರಿಸಿದ್ದರು. ಜಪಾನಿನ ಶೋವಾ ಡೆಂಕೊ ‘ಎಸ್ಪೇಸರ್’ ಎಂಬ ಹೆಸರಿನಲ್ಲಿ, ಮಿತ್ಸುಬಿಷಿ ರೇಯಾನ್ ‘ಅಕ್ವಾಸೇವ್’ ಎಂಬ ಹೆಸರಿನಲ್ಲಿ ಇಂಥ ದ್ರಾವಣಗಳನ್ನು ಮಾರುಕಟ್ಟೆಗೆ ತಂದವು.

ನೀರಿನಲ್ಲಿ ಕರಗಬೇಕು ಎನ್ನುವ ಹಟ ಯಾಕೆಂದರೆ ರೆಸಿಸ್ಟ್ ಸಾವಯವ ದ್ರಾವಕಗಳಲ್ಲಿ ಕರಗುತ್ತದೆ. ಲೇಪವೂ ಅಂಥದೇ ದ್ರಾವಕದಲ್ಲಿದ್ದರೆ ಹಚ್ಚುವಾಗಲೇ ಕೆಳಗಿನ ಪದರ ಕದಡಿಹೋದೀತು. ನೀರೇ ಕ್ಷೇಮ. ನೀರಿನಲ್ಲಿ ಕರಗಲು ಸಲ್ಫೋನಿಕ್ ಆಮ್ಲದ ಗುಂಪುಗಳು ಬೇಕು. ಅಲ್ಲಿಂದಲೇ ಹೊಸ ತಾಪತ್ರಯ ಶುರು.

ಇಂದಿನ ಮಾಸ್ಕ್ ತಯಾರಿಕೆಯಲ್ಲಿ ಹೆಚ್ಚಾಗಿ ಬಳಸುವುದು ರಾಸಾಯನಿಕವಾಗಿ ವರ್ಧನೆಗೊಳ್ಳುವ ರೆಸಿಸ್ಟ್. ಐಬಿಎಂನಲ್ಲಿ ಹಿರೋಷಿ ಇಟೊ, ಗ್ರಾಂಟ್ ವಿಲ್ಸನ್ ಮತ್ತು ಜೀನ್ ಫ್ರೆಶೆ 1980ರ ದಶಕದ ಆರಂಭದಲ್ಲಿ ರೂಪಿಸಿದ ಬಗೆ ಇದು. ಕಿರಣ ತಾಗಿದ ಕಡೆ ಒಂದು ಆಮ್ಲದ ಅಣು ಹುಟ್ಟುತ್ತದೆ. ಆಮೇಲೆ ಬಿಸಿ ಮಾಡಿದಾಗ ಆ ಒಂದೇ ಅಣು ಸುತ್ತಲಿನ ನೂರಾರು ಬಂಧಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಅಂದರೆ ಇಡೀ ಆಟ ಆಮ್ಲದ್ದು. ಅದರ ಮೇಲೆ ತಾನೇ ಆಮ್ಲವಾಗಿರುವ ಲೇಪ ಹಚ್ಚಿದರೆ? ಮೇಲಿನ ಆಮ್ಲ ಕೆಳಗಿಳಿದು, ಕಿರಣ ತಾಗದ ಜಾಗದಲ್ಲೂ ಕತ್ತರಿ ಆಡಿಸುತ್ತದೆ. ಉಳಿಯಬೇಕಾದ ರೆಸಿಸ್ಟ್ ಮೇಲಿನಿಂದ ಸವೆಯುತ್ತದೆ. ಹಾಗಾದರೆ ಲೇಪಕ್ಕೆ ಅಮೋನಿಯಾ ಸೇರಿಸಿ ಆಮ್ಲವನ್ನು ತಣ್ಣಗಾಗಿಸಬಹುದು. ಆದರೆ ಒಣಗಿಸಲು ಬಿಸಿ ಮಾಡಿದಾಗ ಅಮೋನಿಯಾ ಹಾರಿಹೋಗಿ ಆಮ್ಲ ಮತ್ತೆ ತಲೆಯೆತ್ತುತ್ತದೆ. ಹಾರಿಹೋಗದ ಪ್ರತ್ಯಾಮ್ಲ ಹಾಕಿದರೆ ಅದೇ ಕೆಳಗಿಳಿದು ರೆಸಿಸ್ಟ್‌ನಲ್ಲಿ ಹುಟ್ಟಬೇಕಾದ ಆಮ್ಲವನ್ನು ಕೊಲ್ಲುತ್ತದೆ, ಗೆರೆ ಮೂಡುವುದಿಲ್ಲ. ಪ್ರತ್ಯಾಮ್ಲ ಹೆಚ್ಚಾದರೆ ಪಾಲಿಅನಿಲೀನ್‌ನ ಡೋಪಿಂಗ್ ಕಳೆದು ಅದು ವಿದ್ಯುತ್ ಹರಿಸುವುದನ್ನೇ ನಿಲ್ಲಿಸುತ್ತದೆ.

ನೀರಿನ ದ್ರಾವಣ ರೆಸಿಸ್ಟ್ ಮೇಲೆ ಹರಡದೆ ಹನಿಹನಿಯಾಗಿ ನಿಲ್ಲುವುದು ಇನ್ನೊಂದು ಕಾಟ. ಅದಕ್ಕೊಂದು ಸರ್ಫೆಕ್ಟೆಂಟ್ ಬೇಕು, ಆ ಸರ್ಫೆಕ್ಟೆಂಟ್ ಮತ್ತೆ ರೆಸಿಸ್ಟ್‌ಗೆ ಇಳಿಯಬಾರದು. ಪಾಲಿಮರ್ ಗಂಟುಗಟ್ಟಿದರೆ ಕಣಗಳಾಗಿ ಕೂತು ಚಿತ್ರದಲ್ಲಿ ದೋಷ ಮೂಡಿಸುತ್ತದೆ. ಬರೆದಾದ ಮೇಲೆ ರೆಸಿಸ್ಟ್ ಬಿಸಿ ಮಾಡುವ ಹಂತಕ್ಕೆ ಮೊದಲು ಲೇಪವನ್ನು ತೊಳೆಯಬೇಕೋ ಆಮೇಲೆ ತೊಳೆಯಬೇಕೋ ಎನ್ನುವುದರ ಮೇಲೂ ಫಲಿತಾಂಶ ಬದಲಾಗುತ್ತದೆ.

‘ವಾಹಕ ಪಾಲಿಮರ್ ಮಿಶ್ರಣ, ಲೇಪಿತ ವಸ್ತು ಮತ್ತು ಚಿತ್ರ ಮೂಡಿಸುವ ವಿಧಾನ’ ಎಂಬ ಧಾಟಿಯ ತಲೆಬರಹದ ಪೇಟೆಂಟ್‌ಗಳನ್ನು ಜಪಾನಿನ ಶಿನ್-ಎತ್ಸು ಕೆಮಿಕಲ್ ಸಾಲಾಗಿ ಪಡೆದಿರುವುದು ಈ ಇಕ್ಕಟ್ಟಿನ ಜಾಗದಲ್ಲೇ. ಪಾಲಿಮರ್ ಹಳೆಯದು, ರೆಸಿಸ್ಟ್ ಹಳೆಯದು, ಲೇಪ ಹಚ್ಚುವ ಕ್ರಮವೂ ಹಳೆಯದು. ಜೊತೆಗೆ ಸೇರಿಸುವ ಒಂದು ಸಂಯುಕ್ತ ಹೊಸದು. ಅಷ್ಟಕ್ಕೇ ಪೇಟೆಂಟ್ ಕೊಡಬಹುದೇ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ: ಕೊಡಬಹುದು, ಆ ಒಂದು ಸೇರ್ಪಡೆಯಿಂದ ಮೇಲೆ ಹೇಳಿದ ಗಂಟುಗಳಲ್ಲಿ ಒಂದಾದರೂ ಬಿಡಿಸಿಕೊಂಡಿದ್ದರೆ, ಮತ್ತು ಅದು ಬಿಡಿಸಿಕೊಳ್ಳುತ್ತದೆಂದು ಕಸುಬು ಬಲ್ಲವರಿಗೆ ಮೊದಲೇ ಹೊಳೆಯುವಂತಿರದಿದ್ದರೆ. ಇದನ್ನು ಹೇಳುವುದು ಸುಲಭ, ಕಡತ ಮುಂದಿಟ್ಟುಕೊಂಡು ನಿರ್ಧರಿಸುವುದು ಕಷ್ಟ.

ಪರೀಕ್ಷಕರ ಕೆಲಸ ಹುಡುಕಾಟದಿಂದ ಶುರುವಾಗುತ್ತದೆ. ಪೇಟೆಂಟ್ ಜಗತ್ತಿನಲ್ಲಿ ಪ್ರತಿಯೊಂದು ವಿಷಯಕ್ಕೂ ಒಂದು ವರ್ಗಸಂಖ್ಯೆಯಿದೆ. ರೆಸಿಸ್ಟ್‌ನ ಸಹಾಯಕ ಪದರಗಳು ಜಿ03ಎಫ್ 7/09ರಲ್ಲಿ. ವಿದ್ಯುತ್ ಹರಿಸುವ ಸಾವಯವ ವಸ್ತುಗಳು ಎಚ್01ಬಿ 1/12ರಲ್ಲಿ, ಕೇಬಲ್‌ಗಳ ಪಕ್ಕದ ಕಪಾಟಿನಲ್ಲಿ. ವಿದ್ಯುದ್ವಾಹಕ ಬಣ್ಣಗಳು ಸಿ09ಡಿ 5/24ರಲ್ಲಿ. ಒಂದೇ ಲೇಪದ ಪೂರ್ವಜರು ಮೂರು ನಾಲ್ಕು ಕಪಾಟುಗಳಲ್ಲಿ ಚದುರಿರುತ್ತಾರೆ. ಕೆಲವರಂತೂ ಬಹಳ ಹಳಬರು. ಅನಿಲೀನನ್ನು ಆಮ್ಲದಲ್ಲಿ ಉತ್ಕರ್ಷಿಸಿ ಕಡುಬಣ್ಣದ ಪದಾರ್ಥವೊಂದನ್ನು ಹೆನ್ರಿ ಲೆಥೆಬಿ ಲಂಡನ್ನಿನಲ್ಲಿ ಪಡೆದದ್ದು 1862ರಲ್ಲಿ. ಕಾಗದದಲ್ಲಿ ಪ್ರಕಟವಾದದ್ದಕ್ಕೆ ವಯಸ್ಸಿನ ಮಿತಿಯಿಲ್ಲ. ನೂರೈವತ್ತು ವರ್ಷ ಹಿಂದಿನ ಪುಟವೂ ಇಂದಿನ ಕ್ಲೇಮ್ ಒಂದನ್ನು, ಅಂದರೆ ಅರ್ಜಿದಾರರು ಹಕ್ಕು ಕೇಳುವ ವ್ಯಾಪ್ತಿಯನ್ನು, ಬೀಳಿಸಬಲ್ಲದು.

ಈ ಹುಡುಕಾಟದಲ್ಲಿ ನನಗೆ ತುಂಬ ಇಷ್ಟವಾದ ಒಂದು ತಿರುವಿದೆ. ಫೋಟೋ ಫಿಲ್ಮ್ ಸುರುಳಿ ಬಿಚ್ಚುವಾಗ ಉಜ್ಜಾಟದಿಂದ ಸ್ಥಿರವಿದ್ಯುತ್ ಹುಟ್ಟಿ ಸಣ್ಣ ಕಿಡಿಗಳು ಹಾರುತ್ತವೆ, ಕಿಡಿಯ ಬೆಳಕಿಗೆ ಫಿಲ್ಮ್ ಕೆಡುತ್ತದೆ. ಇದನ್ನು ತಪ್ಪಿಸಲು ಬೆಲ್ಜಿಯಂನ ಆಗ್ಫಾ-ಗೆವರ್ಟ್, ಜರ್ಮನಿಯ ಬೇಯರ್ ಜೊತೆ ಬೆಳೆಸಿದ ಪೆಡಾಟ್-ಪಿಎಸ್‌ಎಸ್ ಎಂಬ ವಾಹಕ ಪಾಲಿಮರನ್ನು ಫಿಲ್ಮ್ ಮೇಲೆ ಲೇಪಿಸಿತು. ನೀರಿನ ದ್ರಾವಣ, ತೆಳುಪದರ, ಬೆಳಕಿಗೆ ಸ್ಪಂದಿಸುವ ವಸ್ತುವಿನ ರಕ್ಷಣೆ, ಆವೇಶ ಇಳಿಸುವ ಉದ್ದೇಶ: ಎಲ್ಲವೂ ಹೊಂದುತ್ತದೆ. ಆದರೆ ಅದು ಜಿ03ಸಿ ಎಂಬ ಬೇರೆಯೇ ವರ್ಗದಲ್ಲಿದೆ. ಮಾಸ್ಕ್ ಬರೆಯುವ ಎಂಜಿನಿಯರ್ ತನ್ನ ತೊಂದರೆಗೆ ಪರಿಹಾರ ಹುಡುಕುತ್ತಾ ಫೋಟೋ ಫಿಲ್ಮ್‌ನ ಕಪಾಟಿಗೆ ಹೋಗುತ್ತಿದ್ದನೇ? ಹೋಗುತ್ತಿದ್ದ ಎಂದರೆ ಪೆಡಾಟ್ ಲೇಪದ ವಿಶಾಲ ಕ್ಲೇಮ್ ನಿಲ್ಲುವುದು ಕಷ್ಟ. ಫಿಲ್ಮ್‌ನ ಲೇಪ ತೊಳೆದುಹೋಗಬೇಕಾಗಿರಲಿಲ್ಲ, ಅಲ್ಲಿ ಆಮ್ಲದ ಸೂಕ್ಷ್ಮ ಲೆಕ್ಕವೂ ಇರಲಿಲ್ಲ, ಹಾಗಾಗಿ ಹೋದರೂ ಪ್ರಯೋಜನವಿರಲಿಲ್ಲ ಎಂದು ಅರ್ಜಿದಾರರು ವಾದಿಸಬಹುದು. ಎರಡೂ ಮಾತಿನಲ್ಲಿ ಹುರುಳಿದೆ. ಅದಕ್ಕೇ ಪರೀಕ್ಷಕರಿಗೆ ರಸಾಯನಶಾಸ್ತ್ರ ನಿಜವಾಗಿ ಗೊತ್ತಿರಬೇಕು, ಕಾನೂನಿನ ಕಲಮು ಗೊತ್ತಿದ್ದರಷ್ಟೇ ಸಾಲದು.

ಒಂದು ಕ್ಲೇಮ್ ಕಲ್ಪಿಸಿಕೊಳ್ಳೋಣ. ‘ಸಲ್ಫೋನಿಕ್ ಗುಂಪುಳ್ಳ ಪಾಲಿಅನಿಲೀನ್, ಇಂತಿಂಥ ಪ್ರತ್ಯಾಮ್ಲ ಸಂಯುಕ್ತ ಮತ್ತು ನೀರು ಇರುವ ಮಿಶ್ರಣ.’ ಪರೀಕ್ಷಕರಿಗೆ ಎರಡು ದಾಖಲೆ ಸಿಗುತ್ತವೆ. ಭಾರತದ ಪರೀಕ್ಷಾ ವರದಿಗಳಲ್ಲಿ ಅವನ್ನು ಡಿ1, ಡಿ2 ಎಂದು ಕರೆಯುವುದು ವಾಡಿಕೆ. ಡಿ1ರಲ್ಲಿ ಅದೇ ಪಾಲಿಮರ್‌ಗೆ ಅಮೋನಿಯಾ ಸೇರಿಸಿದ್ದಾರೆ. ಡಿ2 ರೆಸಿಸ್ಟ್ ಕುರಿತದ್ದು. ಅದರಲ್ಲಿ ಆಮ್ಲ ಆಚೀಚೆ ಹರಡದಂತೆ ತಡೆಯಲು, ಈಗ ಕ್ಲೇಮ್ ಮಾಡಿರುವ ಪ್ರತ್ಯಾಮ್ಲವನ್ನೇ ರೆಸಿಸ್ಟ್ ಒಳಗೆ ಹಾಕಿದ್ದಾರೆ. ಡಿ1ರ ಅಮೋನಿಯಾ ತೆಗೆದು ಡಿ2ರದ್ದನ್ನು ಹಾಕುವುದು ಯಾರಿಗಾದರೂ ಹೊಳೆಯುವ ಮಾತಲ್ಲವೇ ಎಂದು ಪರೀಕ್ಷಕರು ಕೇಳುತ್ತಾರೆ. ಅರ್ಜಿದಾರರು ಹೇಳುತ್ತಾರೆ: ರೆಸಿಸ್ಟ್ ಒಳಗೆ ಅದು ಮಾಡುವ ಕೆಲಸ ಬೇರೆ, ಇಲ್ಲಿ ಪಾಲಿಮರ್‌ನ ವಾಹಕತೆ ಕುಂದದಂತೆ ಆಮ್ಲವನ್ನು ಮಾತ್ರ ಕಟ್ಟಿಹಾಕಬೇಕಿತ್ತು, ಅದು ಸಾಧ್ಯವೆಂದು ಡಿ2 ಎಲ್ಲೂ ಸೂಚಿಸಿಲ್ಲ.

ಈ ಘಟ್ಟದಲ್ಲಿ ಎಲ್ಲರ ಕಣ್ಣು ಹೋಗುವುದು, ಹೋಗಬೇಕಾದದ್ದು, ಕಡತದ ಕೊನೆಯಲ್ಲಿರುವ ಕೋಷ್ಟಕಕ್ಕೆ. ಎಡಗಡೆ ‘ಉದಾಹರಣೆ 1, 2, 3’, ಅವುಗಳ ಕೆಳಗೆ ‘ತುಲನಾ ಉದಾಹರಣೆ 1, 2’. ಮೇಲೆ ಅಡ್ಡಸಾಲಿನಲ್ಲಿ ಲೇಪದ ರೋಧ, ಲೇಪ ತೊಳೆದ ಮೇಲೆ ರೆಸಿಸ್ಟ್ ಎಷ್ಟು ನ್ಯಾನೊಮೀಟರ್ ಸವೆದಿದೆ, ಗೆರೆಯ ಅಂಚು ಎಷ್ಟು ಒರಟಾಗಿದೆ, ಬರೆಯಲು ಕಿರಣದ ಎಷ್ಟು ಡೋಸ್ ಬೇಕಾಯಿತು. ಇಡೀ ಅರ್ಜಿಯ ಪ್ರಾಣ ಈ ಒಂದು ಪುಟದಲ್ಲಿದೆ ಎಂದು ನಾನು ನಂಬುತ್ತೇನೆ. ಇದನ್ನು ಓದುವ ಕ್ರಮವಿದೆ. ತುಲನೆಗೆ ಇಟ್ಟದ್ದು ಏನೂ ಸೇರಿಸದ ಬರೀ ಪಾಲಿಮರೋ, ಡಿ1ರ ಅಮೋನಿಯಾ ಸೇರಿಸಿದ ಪಾಲಿಮರೋ? ಏನೂ ಸೇರಿಸದ್ದರ ಜೊತೆ ಹೋಲಿಸಿ ಗೆದ್ದರೆ ಅದು ಗೆಲುವಲ್ಲ, ಅತಿ ಹತ್ತಿರದ ಹಳೆಯ ವಸ್ತುವಿನ ಎದುರು ಗೆಲ್ಲಬೇಕು. ಆ ಹಳೆಯ ವಸ್ತುವನ್ನು ಡಿ1 ಹೇಳಿದ ಅತ್ಯುತ್ತಮ ಪ್ರಮಾಣದಲ್ಲೇ ಮಾಡಿದ್ದಾರೋ, ಸೋಲಲೆಂದೇ ಕಡಿಮೆ ಪ್ರಮಾಣದಲ್ಲಿ ಮಾಡಿದ್ದಾರೋ? ರೆಸಿಸ್ಟ್, ಬಿಸಿ ಮಾಡಿದ ಸಮಯ, ಲೇಪದ ದಪ್ಪ ಎರಡೂ ಕಡೆ ಒಂದೇ ಇದೆಯೋ? ಸವೆತ ಕಡಿಮೆಯಾದಾಗ ರೋಧ ಏರಿಬಿಟ್ಟಿದ್ದರೆ ಒಂದು ಕೊಟ್ಟು ಇನ್ನೊಂದು ಪಡೆದಂತಾಯಿತು, ಅದರಲ್ಲಿ ಅನಿರೀಕ್ಷಿತವಾದದ್ದೇನಿಲ್ಲ. ಸವೆತ ಇಳಿದು ರೋಧವೂ ಹಾಗೇ ಉಳಿದಿದ್ದರೆ ಪರೀಕ್ಷಕರು ಕುರ್ಚಿಯಲ್ಲಿ ನೆಟ್ಟಗೆ ಕೂರಬೇಕು. ಅಲ್ಲೇನೋ ನಡೆದಿದೆ.

ಆಮೇಲೆ ಅಗಲದ ಪ್ರಶ್ನೆ. ಕೋಷ್ಟಕದಲ್ಲಿ ನಾಲ್ಕು ಪ್ರತ್ಯಾಮ್ಲಗಳಿವೆ, ಕ್ಲೇಮ್‌ನಲ್ಲಿ ಸಾವಿರಾರು. ರಸಾಯನಶಾಸ್ತ್ರದ ಕ್ಲೇಮ್‌ಗಳು ಒಂದು ಸಾಮಾನ್ಯ ಸೂತ್ರ ಕೊಟ್ಟು, ಇಂತಿಂಥ ಕಡೆ ಇಂತಿಂಥ ಗುಂಪು ಬರಬಹುದು ಎಂದು ಪಟ್ಟಿ ಮಾಡುತ್ತವೆ. ಅಮೆರಿಕದ ಬಣ್ಣ ತಯಾರಕ ಯೂಜೀನ್ ಮಾರ್ಕುಷ್‌ಗೆ 1924ರಲ್ಲಿ ಸಿಕ್ಕ ಪೇಟೆಂಟ್‌ನಿಂದಾಗಿ ಈ ಬಗೆಯ ಕ್ಲೇಮ್‌ಗೆ ಅವರ ಹೆಸರೇ ಅಂಟಿಕೊಂಡಿದೆ. ಪ್ರಯೋಗಾಲಯದಲ್ಲಿ ಯಾರೂ ಮಾಡಿ ನೋಡದ ಅಣುಗಳೂ ಈ ಬೇಲಿಯೊಳಗೆ ಬಂದುಬಿಡುತ್ತವೆ. ನಾಲ್ಕು ಉದಾಹರಣೆಗಳಿಂದ ಇಡೀ ಕುಟುಂಬದ ನಡತೆ ಊಹಿಸಬಹುದಾದರೆ ಸರಿ. ಆದರೆ ಈ ಲೇಪದ ವಿಷಯದಲ್ಲಿ ಪ್ರತ್ಯಾಮ್ಲದ ಗಾತ್ರ ಚೂರು ಬದಲಾದರೂ ಅದು ರೆಸಿಸ್ಟ್‌ಗೆ ಇಳಿಯುವ ರೀತಿ ಬದಲಾಗಬಹುದು. ನನ್ನ ಮಟ್ಟಿಗೆ, ಇಂಥ ಕಡತಗಳಲ್ಲಿ ಪರೀಕ್ಷಕರು ತೋರಬೇಕಾದ ಬಿಗಿ ‘ಕೊಡುವುದೇ ಇಲ್ಲ’ ಎನ್ನುವುದರಲ್ಲಿಲ್ಲ, ‘ಮಾಡಿ ತೋರಿಸಿದಷ್ಟಕ್ಕೆ ಮಾತ್ರ’ ಎನ್ನುವುದರಲ್ಲಿದೆ. ಪೂರ್ತಿ ತಿರಸ್ಕರಿಸಿದರೆ ವರ್ಷಗಟ್ಟಲೆ ಗಂಟು ಬಿಡಿಸಿದವರಿಗೆ ಅನ್ಯಾಯ. ಪೂರ್ತಿ ಕೊಟ್ಟರೆ ನಾಳೆ ಬೇರೊಂದು ದಾರಿಯಿಂದ ಬರುವವರಿಗೆ ಅನ್ಯಾಯ.

ಭಾರತದ ಕಾಯ್ದೆಯಲ್ಲಿ ಇಂಥ ಅರ್ಜಿಗೆ ಇನ್ನೂ ಎರಡು ಕಲಮುಗಳು ಎದುರಾಗುತ್ತವೆ. 1970ರ ಪೇಟೆಂಟ್ ಕಾಯ್ದೆಯ 3(ಇ) ಹೇಳುವುದು: ಘಟಕಗಳ ಗುಣಗಳು ಸುಮ್ಮನೆ ಒಟ್ಟುಗೂಡಿದ ಬರೀ ಬೆರಕೆ ಆವಿಷ್ಕಾರವಲ್ಲ. ಅಕ್ಕಿಹಿಟ್ಟು, ಉದ್ದಿನಹಿಟ್ಟು ಡಬ್ಬಿಯಲ್ಲಿ ಬೆರೆತಿದ್ದರೆ ಅದು ಬೆರಕೆ; ಎರಡೂ ನೆನೆದು, ರುಬ್ಬಿ, ರಾತ್ರಿಯಿಡೀ ಹುದುಗಿ ಉಬ್ಬಿದರೆ ಎರಡರಲ್ಲೂ ಮೊದಲು ಇಲ್ಲದ ಗುಣ ಹುಟ್ಟುತ್ತದೆ. ಪಾಲಿಮರ್ ತನ್ನ ಪಾಡಿಗೆ ವಿದ್ಯುತ್ ಹರಿಸಿ, ಪ್ರತ್ಯಾಮ್ಲ ತನ್ನ ಪಾಡಿಗೆ ಆಮ್ಲ ತಗ್ಗಿಸಿದರೆ 3(ಇ) ಅಡ್ಡ ಬರುತ್ತದೆ. ಎರಡೂ ಸೇರಿ, ಆಮ್ಲ ತಗ್ಗಿದರೂ ವಾಹಕತೆ ಉಳಿಯುವಂತೆ ಒಂದರ ಮೇಲೊಂದು ಪ್ರಭಾವ ಬೀರುತ್ತಿವೆ ಎಂದು ಅಂಕಿಗಳು ತೋರಿಸಿದರೆ ದಾರಿ ತೆರೆಯುತ್ತದೆ. ಮತ್ತೆ ಅದೇ ಕೋಷ್ಟಕ.

ಎರಡನೆಯ ಕಲಮು 3(ಡಿ). ಅದರ ಹೆಸರೆತ್ತಿದ ಕೂಡಲೇ ನೆನಪಾಗುವುದು ನೊವಾರ್ಟಿಸ್‌ನ ಕ್ಯಾನ್ಸರ್ ಔಷಧದ ಪ್ರಕರಣ, 2013ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪು. ಆದರೆ ಕಲಮಿನ ಮಾತುಗಳು ಔಷಧಕ್ಕಷ್ಟೇ ಸೀಮಿತವಲ್ಲ. ಗೊತ್ತಿರುವ ವಸ್ತುವಿನ ಲವಣವೂ ಅದೇ ವಸ್ತು, ಪರಿಣಾಮಕಾರಿತ್ವದಲ್ಲಿ ಗಣನೀಯ ವ್ಯತ್ಯಾಸವಿದ್ದರೆ ಮಾತ್ರ ಬೇರೆ ಎನ್ನುತ್ತದೆ ಅದರ ವಿವರಣೆ. ಸಲ್ಫೋನಿಕ್ ಪಾಲಿಮರ್‌ನ ಹೊಸ ಅಮೋನಿಯಂ ಲವಣ ಇದರ ವ್ಯಾಪ್ತಿಗೆ ಬರುವಂಥದ್ದೇ. ಪರಿಣಾಮಕಾರಿತ್ವ ಎಂದರೇನು ಎಂಬುದು ಆ ವಸ್ತುವಿನ ಕೆಲಸ, ಉಪಯೋಗ, ಉದ್ದೇಶಗಳನ್ನು ಅವಲಂಬಿಸಿದೆ ಎಂದು ಅದೇ ತೀರ್ಪು ಹೇಳಿದೆ. ಔಷಧಕ್ಕೆ ರೋಗ ಗುಣಪಡಿಸುವುದು ಹೇಗೋ, ಲೇಪಕ್ಕೆ ಆವೇಶ ಇಳಿಸಿ, ರೆಸಿಸ್ಟ್‌ಗೆ ಹಾನಿ ಮಾಡದೆ ತೊಳೆದುಹೋಗುವುದು ಹಾಗೆ. ಲವಣ ಬದಲಾದದ್ದರಿಂದ ಇದರಲ್ಲಿ ಏನು ಸುಧಾರಿಸಿತು ಎಂದು ಅರ್ಜಿದಾರರು ತೋರಿಸಬೇಕು.

ಹೊಳೆಯುವ ಮಾತು ಯಾವುದು, ಹೊಳೆಯದ್ದು ಯಾವುದು ಎಂಬುದಕ್ಕೆ ನಮ್ಮಲ್ಲಿ ಇಂದಿಗೂ ಉಲ್ಲೇಖಿಸುವ ತೀರ್ಪು 1978ರದ್ದು. ವಿಷಯ ಚಿಪ್ ಅಲ್ಲ, ಹಿತ್ತಾಳೆ ಪಾತ್ರೆ. ಮಿರ್ಜಾಪುರದ ಪಾತ್ರೆ ತಯಾರಕರೊಬ್ಬರು ಲೇತ್‌ನಲ್ಲಿ ಪಾತ್ರೆ ಹಿಡಿದಿಡುವ ಸಾಧನಕ್ಕೆ ಪಡೆದ ಪೇಟೆಂಟನ್ನು ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿತು. ಕಾರ್ಖಾನೆಯಲ್ಲಿ ಕೆಲಸ ಬಲ್ಲವರು ಸಹಜವಾಗಿ ಮಾಡಿಕೊಳ್ಳುವ ಸುಧಾರಣೆ ಆವಿಷ್ಕಾರವಾಗದು, ಅದಕ್ಕಿಂತ ಹೆಚ್ಚಿನದು ಬೇಕು ಎಂಬುದು ಅದರ ತಿರುಳು. ಪಾತ್ರೆಗೆ ಹಾಕಿದ ಅದೇ ಅಳತೆಗೋಲು ನ್ಯಾನೊಮೀಟರ್ ಲೇಪಕ್ಕೂ.

ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಮೊದಲ ಪರೀಕ್ಷಾ ವರದಿ ಬಂದ ಮೇಲೆ ಆಕ್ಷೇಪಗಳನ್ನು ಸರಿಪಡಿಸಿಕೊಳ್ಳಲು ಆರು ತಿಂಗಳ ಅವಕಾಶ, ಕೋರಿದರೆ ಇನ್ನೂ ಮೂರು ತಿಂಗಳು. ಒಪ್ಪಿಗೆಯಾಗದಿದ್ದರೆ ಕಂಟ್ರೋಲರ್ ಮುಂದೆ ವಿಚಾರಣೆ. ಬೆಂಗಳೂರಿನ ಪ್ರಯೋಗಾಲಯಗಳಲ್ಲಿ ಇಂಥ ವಸ್ತುಗಳ ಮೇಲೆ ದುಡಿಯುವ ಯುವಕ ಯುವತಿಯರು ಒಂದು ಮಾತು ಗಮನಿಸಬೇಕು. ಅರ್ಜಿ ಸಲ್ಲಿಸಿದ ನಂತರ ವಿವರಣೆಗೆ ಹೊಸ ವಿಷಯ ಸೇರಿಸಲು 59ನೇ ಕಲಮು ಬಿಡುವುದಿಲ್ಲ. ಪರಿಣಾಮ ಇಂಥದ್ದು ಎಂದು ಮೂಲ ಅರ್ಜಿಯಲ್ಲಿ ಬರೆಯದೆ, ಆಕ್ಷೇಪ ಬಂದ ಮೇಲೆ ಓಡಾಡಿ ಅಂಕಿ ತಂದರೆ ಅದರ ತೂಕ ಕಡಿಮೆ. ಸೋತ ಪ್ರಯೋಗದ ಅಂಕಿಗಳನ್ನೂ, ಅಂದರೆ ಅಮೋನಿಯಾ ಹಾಕಿ ರೆಸಿಸ್ಟ್ ಸವೆದ ಆ ದಿನದ ಅಂಕಿಗಳನ್ನೂ, ಮೊದಲ ದಿನವೇ ಕೋಷ್ಟಕಕ್ಕೆ ಸೇರಿಸಿ ಕಳಿಸುವುದು ಒಳ್ಳೆಯದು.

ಇನ್ನೊಂದು ಬಾಗಿಲೂ ಇದೆ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತವೆ, ಪೇಟೆಂಟ್ ಕಚೇರಿಯ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಪೇಟೆಂಟ್ ಮಂಜೂರಾಗುವ ಮೊದಲು 25(1)ನೇ ಕಲಮಿನಡಿ ಯಾವುದೇ ವ್ಯಕ್ತಿ ಲಿಖಿತ ವಿರೋಧ ಸಲ್ಲಿಸಬಹುದು. ಮಂಜೂರಾದ ಮೇಲೆ ಆ ಅವಕಾಶ ಆಸಕ್ತ ಪಕ್ಷಗಳಿಗೆ ಮಾತ್ರ, ಅದೂ ಮಂಜೂರಾತಿ ಪ್ರಕಟವಾದ ಒಂದು ವರ್ಷದೊಳಗೆ. ಔಷಧಗಳ ವಿಷಯದಲ್ಲಿ ರೋಗಿಗಳ ಸಂಘಟನೆಗಳು ಮೊದಲನೆಯ ಬಾಗಿಲನ್ನು ಚೆನ್ನಾಗಿ ಬಳಸಿಕೊಂಡಿವೆ. ಚಿಪ್ ಕಾರ್ಖಾನೆಗಳು ಭಾರತಕ್ಕೆ ಬರುತ್ತಿರುವ ಈ ವರ್ಷಗಳಲ್ಲಿ ಅವುಗಳಿಗೆ ಬೇಕಾದ ದ್ರಾವಣ, ಲೇಪ, ರೆಸಿಸ್ಟ್‌ಗಳ ಅರ್ಜಿಗಳನ್ನೂ ಇಷ್ಟೇ ನಿಗಾ ಇಟ್ಟು ಓದುವವರು ಬೇಕಾಗಿದ್ದಾರೆ. ದಿನವೂ ಇಂಥ ಲೇಪ ಹಚ್ಚಿ ತೊಳೆಯುವ ಸಂಶೋಧನಾ ವಿದ್ಯಾರ್ಥಿಗೆ ಡಿ1 ಎಲ್ಲಿದೆ ಎಂದು ಪರೀಕ್ಷಕರಿಗಿಂತ ಮೊದಲೇ ಗೊತ್ತಿರಬಹುದು. ಅದನ್ನು ಬರೆದು ಕಳಿಸಲು ವಕೀಲರೇ ಆಗಬೇಕಿಲ್ಲ. ನಮೂನೆ 7(ಎ)ಯಲ್ಲಿ ಆಧಾರಗಳನ್ನು ಲಗತ್ತಿಸಿ ಸಲ್ಲಿಸಿದರೆ ಕಂಟ್ರೋಲರ್ ಅದನ್ನು ಪರಿಶೀಲಿಸಲೇಬೇಕು.